ನಮ್ಮ ಹಾಡಿನ ಹಕಾರ

ಚೆನ್ನೈನ ವಡಪಳನಿಯ ಒಂದು ಉಡುಪಿ ಹೋಟೆಲಿನ ಮಹಡಿ ಮೇಲೆ ಪ್ರತಿ ಭಾನುವಾರ ಬೆಳಗ್ಗೆ ನಾನು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಹೇಳಿಕೊಡುತ್ತೇನೆ ಅನ್ನುವುದು ಸ್ವಲ್ಪ ದೊಡ್ಡ ಮಾತೇ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವರು ತಮಿಳಿನಲ್ಲಿ ಉತ್ತರ ಕೊಡುತ್ತಾರೆ, ಕೆಳಗಿನಿಂದ ಸಾಂಬಾರಿನ ವಾಸನೆ ಬಂದ ಕೂಡಲೇ ಎಲ್ಲರೂ ಸುಮ್ಮನಾಗುತ್ತೇವೆ. ನಾನೂ ಇದೇ ಊರಲ್ಲಿ ಹುಟ್ಟಿ ಬೆಳೆದವಳು. ನಮ್ಮ ಮನೆಯ ಕನ್ನಡದಲ್ಲೂ ಅರ್ಧ ತಮಿಳೇ ಇರುವಾಗ ಮಕ್ಕಳ ಮೇಲೆ ರೇಗುವುದಕ್ಕೆ ನನಗೆ ಬಾಯಿಲ್ಲ.

ರೇಗುವ ಕೆಲಸ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳದು. ಅವರು ಮೈಸೂರಿನಲ್ಲಿ ಕನ್ನಡ ಮೇಷ್ಟರಾಗಿದ್ದು, ಮಗಳ ಮನೆಗೆಂದು ಬಂದು ಇಲ್ಲೇ ಉಳಿದವರು. ಯಾರಾದರೂ ಒಂದು ಅಕ್ಷರ ನುಂಗಿದರೆ ಸಾಕು, ಹಲ್ಲುನೋವು ಬಂದವರ ಹಾಗೆ ಮುಖ ಮಾಡುತ್ತಾರೆ.

ಹೋದ ವರ್ಷ ರಾಜ್ಯೋತ್ಸವಕ್ಕೆ ನನ್ನ ಕ್ಲಾಸಿನ ಐದು ಮಕ್ಕಳು ಹಾಡಬೇಕೆಂದು ಅವರು ಅಪ್ಪಣೆ ಮಾಡಿದರು. ಪಿಟೀಲು ನುಡಿಸುವ ಉದ್ದ ಜಡೆಯ ಹುಡುಗಿ, ಕೀಬೋರ್ಡಿನವನು, ಮೃದಂಗದವನು, ಹಾಡುವ ಅಕ್ಕ ತಂಗಿ. "ತಂಡಕ್ಕೆ ಹೆಸರು ಬೇಕು. ಮಕ್ಕಳೇ ಕೂಡಿ ಇಡಲಿ ಮೇಡಂ," ಅಂದ ಕಾರ್ಯದರ್ಶಿಗಳು ಮರುಗಳಿಗೆಯೇ, "ಶ್ರೀ ಕಾವೇರಿ ಬಾಲ ಗಾನಸುಧಾ ವೃಂದ ಅಂತ ಇಟ್ಟರೂ ಚೆನ್ನಾಗಿರುತ್ತೆ," ಅಂತ ಸೇರಿಸಿದರು.

ಅವರು ಮೆಟ್ಟಿಲಿಳಿದ ಮೇಲೆ ಕೀಬೋರ್ಡಿನವನು ಕೈ ಎತ್ತಿದ. "ಕಾವೇರಿ ವೇಣಾಂ ಮಿಸ್. ಸಂಡೈ ವರುಂ." ಬೇಡ, ಜಗಳ ಬರತ್ತೆ ಅಂತ. ಹುಡುಗ ಪೇಪರ್ ಓದುತ್ತಾನೆ ಅಂತ ಆಗಲೇ ನನಗೆ ಗೊತ್ತಾದದ್ದು.

ಕಾವೇರಿ ಬಿಟ್ಟರೂ ಜಗಳ ತಪ್ಪಲಿಲ್ಲ. ಕೀಬೋರ್ಡಿನವನಿಗೆ 'ಗೋಲ್ಡನ್ ಥಂಡರ್' ಬೇಕು. ಪಿಟೀಲಿನವಳಿಗೆ 'ಸ್ವರಲಹರಿ'. ಮೃದಂಗದವನಿಗೆ 'ಪವರ್ ಕಟ್', ಯಾಕೆಂದರೆ ಕರೆಂಟು ಹೋದಾಗ ಕೀಬೋರ್ಡು ಸತ್ತು ಅವನೊಬ್ಬನೇ ಮೆರೆಯುತ್ತಾನೆ. ತಂಗಿಗೆ 'ಮಸಾಲೆ ದೋಸೆ'. ಅಕ್ಕನಿಗೆ ತಂಗಿ ಹೇಳಿದ್ದು ಬಿಟ್ಟು ಬೇರೆ ಏನಾದರೂ ಸರಿ.

ಆಗ ನಾನು ಬುದ್ಧಿವಂತಿಕೆ ತೋರಿಸಲು ಹೋದೆ. "ನಿಮ್ಮ ಹೆಸರಿನ ಪರವಾಗಿ ನೀವು ಮಾತಾಡೋ ಹಾಗಿಲ್ಲ. ಇನ್ನೊಬ್ಬರು ಹೇಳಿದ ಹೆಸರು ಯಾಕೆ ಚೆನ್ನಾಗಿದೆ ಅಂತ ಹೇಳಬೇಕು."

ಪಿಟೀಲಿನವಳು ತಕ್ಷಣ ಎದ್ದು ನಿಂತಳು. "ಗೋಲ್ಡನ್ ಥಂಡರ್ ತುಂಬಾ ಒಳ್ಳೇ ಹೆಸರು ಮಿಸ್. ಪಟಾಕಿ ಡಬ್ಬಿ ಮೇಲೆ ಚೆನ್ನಾಗಿ ಕಾಣತ್ತೆ."

"ಸ್ವರಲಹರಿ ಸೂಪರ್ ಮಿಸ್," ಅಂದ ಕೀಬೋರ್ಡಿನವನು. "ಕೇಳಿದ ತಕ್ಷಣ ತೂಕ್ಕಂ ವರುದು." ನಿದ್ದೆ ಬರುತ್ತದಂತೆ.

ಹೀಗೆ ಹೊಗಳಿ ಹೊಗಳಿಯೇ ಒಬ್ಬರ ಹೆಸರನ್ನು ಇನ್ನೊಬ್ಬರು ಮುಗಿಸಿದರು. ಮೃದಂಗದವನೊಬ್ಬನೇ ಮಸಾಲೆ ದೋಸೆಯನ್ನು ಮನಸಾರೆ ಹೊಗಳಿದ್ದು. ಅದೆಷ್ಟು ಚೆನ್ನಾಗಿ ಹೊಗಳಿದನೆಂದರೆ ಅವತ್ತಿನ ಪಾಠ ಅಲ್ಲಿಗೇ ನಿಂತು ಎಲ್ಲರೂ ಕೆಳಗಿಳಿದು ದೋಸೆ ತಿಂದೆವು.

ಮುಂದಿನ ಭಾನುವಾರ ಸುಲಭದ ದಾರಿ ಹಿಡಿದೆ. "ಹೋಗಲಿ, ನಾವು ಏನು ಮಾಡ್ತೀವಿ? ಅಲ್ಲಿಂದ ಶುರು ಮಾಡೋಣ."

"ಹಾಡ್ತೀವಿ," ಅಂದಳು ಅಕ್ಕ.

"ಯಾರ ಹಾಡು?"

ತಂಗಿಗೆ ಮುಂದಿನ ಹಲ್ಲು ಬಿದ್ದಿತ್ತು. ಉತ್ಸಾಹದಿಂದ ಕೂಗಿದಳು: "ನಮ್ಮ ಆಡು!"

ಮೃದಂಗದವನು ಮೆಲ್ಲಗೆ, "ಮ್ಯಾ..." ಅಂದ.

ಹಕಾರ ಬಿಟ್ಟರೆ ಹಾಡು ಕನ್ನಡದಲ್ಲೂ ಆಡೇ, ತಮಿಳಿನಲ್ಲೂ ಆಡೇ, ಅದೇ ಮೇಕೆ. ಈ ಒಂದು ವಿಷಯದಲ್ಲಿ ಎರಡು ಭಾಷೆಗೂ ತಕರಾರಿಲ್ಲ. ಐದೂ ತಲೆ ಒಂದು ಕಡೆ ಸೇರಿ ತಮಿಳಿನಲ್ಲಿ ಪಿಸುಪಿಸು ನಡೆಯಿತು. ಎರಡು ವಾರದಲ್ಲಿ ಅವರು ಒಬ್ಬರ ಮಾತನ್ನು ಒಬ್ಬರು ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು. ಕೊನೆಗೆ ಪಿಟೀಲಿನವಳು ಎದ್ದು, ಭಾಷಣದ ಕನ್ನಡದಲ್ಲಿ, "ಮಿಸ್, 'ನಮ್ಮ ಹಾಡು' ಎಂಬ ಹೆಸರನ್ನು ನಾವು ಒಮ್ಮತದಿಂದ ಆರಿಸಿದ್ದೇವೆ," ಅಂದಳು. ಹಕಾರವನ್ನು ಎಷ್ಟು ಒತ್ತಿದಳೆಂದರೆ ಎದುರಿಗಿದ್ದ ಹಾಳೆ ಹಾರಿತು.

ನನಗೆ ಅರ್ಥವಾಗಲಿಲ್ಲ ಅಂದರೆ ಯಾರೂ ನಂಬಬಾರದು. ಕೆಮ್ಮು ಬಂದವಳ ಹಾಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಪ್ಪಿಗೆ ಕೊಟ್ಟೆ. ಕಾರ್ಯದರ್ಶಿಗಳಿಗಂತೂ ಸಂತೋಷವೋ ಸಂತೋಷ. "ಎಷ್ಟು ಸರಳ! ಎಷ್ಟು ಆತ್ಮೀಯ! ನೋಡಿದ್ರಾ ಮೇಡಂ, ಮಕ್ಕಳಿಗೆ ಬಿಟ್ಟರೆ ಅಚ್ಚಗನ್ನಡ ತಾನಾಗೇ ಬರುತ್ತೆ."

ಕಾರ್ಯಕ್ರಮ ಎಗ್ಮೋರಿನ ಒಂದು ಸಭಾಂಗಣದಲ್ಲಿ. ನಿರೂಪಣೆಗೆ ಬಂದ ಕಾಲೇಜು ಹುಡುಗಿಗೆ ಕನ್ನಡ ಅಷ್ಟಕ್ಕಷ್ಟೆ. ಪರದೆಯ ಹಿಂದೆ ನಮ್ಮ ಐವರೂ ಅವಳನ್ನು ಸುತ್ತುಗಟ್ಟಿ, ಬಹಳ ಶ್ರದ್ಧೆಯಿಂದ ಉಚ್ಚಾರಣೆ ಹೇಳಿಕೊಡುತ್ತಿದ್ದರು. ನಾನು ಆ ಕಡೆ ಹೋಗಬೇಕೆಂದುಕೊಂಡು ಈ ಕಡೆ ಹೋದೆ.

"ಈಗ ನಿಮ್ಮ ಮುಂದೆ," ಹುಡುಗಿ ಮೈಕಿನಲ್ಲಿ ಕೂಗಿದಳು, "ನಮ್ಮ ಆಡು!"

ಸಭೆಯ ಹಿಂದಿನ ಸಾಲಿನಿಂದ ಯಾರೋ "ಮ್ಯಾ" ಅಂದರು. ಪರದೆ ಸರಿಯಿತು. ಐದು ಮಕ್ಕಳು ದೇವರ ಪಟದ ಹಾಗೆ ಗಂಭೀರವಾಗಿ ಕೂತಿದ್ದರು. ನಗು ಮುಂದಿನ ಸಾಲಿನವರೆಗೂ ಹಬ್ಬಿತು.

ಕಾರ್ಯದರ್ಶಿಗಳು ಪಂಚೆ ಎತ್ತಿ ಹಿಡಿದು ವೇದಿಕೆಗೆ ಓಡಿ ಮೈಕು ಕಿತ್ತುಕೊಂಡರು. "ಆಡು ಅಲ್ಲ, ಹಾಡು! ಹ! ಎಲ್ಲಿ, ಎಲ್ಲರೂ ನನ್ನ ಜೊತೆ ಹೇಳಿ. ಹ!"

"ಹ!" ಅಂದಿತು ಸಭೆ.

"ಇನ್ನೂ ಜೋರಾಗಿ! ಹ! ಹ!"

"ಹ! ಹ! ಹ!"

ಇಡೀ ಸಭೆ ಹ ಹ ಹ ಅನ್ನುತ್ತಿದ್ದರೆ ಅದು ಪಾಠವೋ ನಗುವೋ ಗೊತ್ತಾಗುವುದು ಹೇಗೆ? ಕಾರ್ಯದರ್ಶಿಗಳ ತುಟಿಯೂ ಒಂದು ಕಡೆಗೆ ಸೊಟ್ಟಗಾಗುತ್ತಿದ್ದುದನ್ನು ನಾನು ಕಂಡೆ. ಅಷ್ಟರಲ್ಲಿ ಮೃದಂಗದವನು ಆ ಹ ಹ ಹಕ್ಕೆ ಸರಿಯಾಗಿ ಪೆಟ್ಟು ಹಾಕಿದ. ಪಿಟೀಲು ಸೇರಿತು, ಅಕ್ಕ ತಂಗಿ ಶುರು ಮಾಡಿದರು. ಮಕ್ಕಳು ಅಷ್ಟು ಚೆನ್ನಾಗಿ ಎಂದೂ ಹಾಡಿರಲಿಲ್ಲ. ಒಂದು ಹಕಾರವೂ ತಪ್ಪಲಿಲ್ಲ. ಮುಗಿದಾಗ ಚಪ್ಪಾಳೆಯ ಜೊತೆ ಒಂದೆರಡು "ಮ್ಯಾ" ಕೂಡ ಬಂತು, ಪ್ರೀತಿಯಿಂದಲೇ.

ಆಮೇಲೆ ಹತ್ತಿರದ ಹೋಟೆಲಿನಲ್ಲಿ ಎಲ್ಲರೂ ಪೂರಿ ತಿನ್ನುತ್ತಿದ್ದಾಗ ಕಾರ್ಯದರ್ಶಿಗಳು ಲೋಟ ಕೆಳಗಿಟ್ಟು ಕೇಳಿದರು. "ಆ ಹುಡುಗಿಗೆ ಹಾಗೆ ಹೇಳಿಕೊಟ್ಟವರು ಯಾರು?"

ತಂಗಿಯ ಕೈ ಮೊದಲು ಮೇಲೆದ್ದಿತು. ಆಮೇಲೆ ಮೃದಂಗದವನದು, ಕೀಬೋರ್ಡಿನವನದು, ಪಿಟೀಲಿನವಳದು. ತಂಗಿ ಮಾಡಿದ್ದನ್ನು ಎಂದೂ ಮಾಡದ ಅಕ್ಕನೂ ಎತ್ತಿದಳು. ನನ್ನ ಬಲಗೈಗೆ ಸಾಗು ಮೆತ್ತಿತ್ತು, ಎಡಗೈ ಎತ್ತಿದೆ.

ಅವರು ನಮ್ಮ ಆರೂ ಕೈಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಸಪ್ಲೈಯರನ್ನು ಕರೆದು, "ಈ ಮಂದೆಗೆ ಇನ್ನೊಂದು ಸುತ್ತು ಪೂರಿ ಹಾಕಪ್ಪಾ," ಅಂದರು.