ಕುಬ್ರಾ ಬೀಯ ಪಾಲಿನ ಕೋಳಿ

ಪಾಲಿಗೆ ಕೋಳಿ ಸಾಕುವವರ ಮಾತನ್ನು ಯಾರೂ ಪೂರ್ತಿ ನಂಬುವುದಿಲ್ಲ. ಕೋಳಿ ಒಬ್ಬರದು, ಸಾಕುವ ಕೈ ಇನ್ನೊಬ್ಬರದು. ಎದ್ದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ಇವರಿಗೆ. ಕರಾರು ಇಷ್ಟೇ, ಅದಕ್ಕೆ ಕಾಗದವಿಲ್ಲ. ಕೋಳಿಯನ್ನು ಬೆಕ್ಕು ಹಿಡಿಯಿತು ಎಂದು ಸಾಕಿದವಳು ಹೇಳಿದಳೋ, ಕೊಟ್ಟವಳ ಕಣ್ಣು ಮೊದಲು ಹೋಗುವುದು ಅವಳ ಒಲೆಯ ಕಡೆಗೆ. ಅದಕ್ಕೇ ನಮ್ಮ ಕಡೆ ಒಂದು ಪದ್ಧತಿ ಇತ್ತು. ಕಾಡುಪ್ರಾಣಿ ತಿಂದು ಬಿಟ್ಟ ರೆಕ್ಕೆಯನ್ನೋ ಕಾಲನ್ನೋ ತೆಗೆದಿಟ್ಟು ಒಡತಿಗೆ ತೋರಿಸಬೇಕು. ತೋರಿಸದಿದ್ದರೆ ತಿಂದವಳು ಇವಳೇ.

ಇಂಥ ಮಾತಿಗೆ ಸಿಕ್ಕಿಕೊಂಡವಳು ಶಿಕಾರಿಪುರದಲ್ಲಿ ನಮ್ಮ ಓಣಿಯ ಕುಬ್ರಾ ಬೀ. ಅವಳ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಒಂದು ಕಳ್ಳಿಬೇಲಿ. ಅವಳ ಹಿತ್ತಿಲಿನ ಆಚೆ ಮನೆಗಳಿಲ್ಲ, ಪೊದೆ ಬೆಳೆದ ಕೆರೆ ಏರಿ. ಸಣ್ಣ ಮೈಯ ಹೆಂಗಸು, ಮಾತು ಕಡಿಮೆ. ಬೆಳಗಿನ ನಮಾಜು ಮುಗಿಸಿ ಅವಳು ಕೋಳಿ ಬಿಡುವ ಹೊತ್ತಿಗೆ ನಾನು ಪೂಜೆಗೆ ಹೂ ಬಿಡಿಸುತ್ತಿದ್ದೆ. ನಮ್ಮ ಮನೆಯಲ್ಲಿ ಕೋಳಿ, ಮೊಟ್ಟೆ ನಡೆಯುವುದಿಲ್ಲ. ಆದರೂ ಅವಳ ಒಂದೊಂದು ಕೋಳಿಯ ಗುಣವೂ ನನಗೆ ಗೊತ್ತಿತ್ತು. ಅವಳು ಬಾಯಿ ಬಿಟ್ಟರೆ ಬರುತ್ತಿದ್ದುದು ಅದೇ ಮಾತು.

ಅವಳ ಗಂಡ ಬಡೇಸಾಬ್ ಪಾತ್ರೆಗಳಿಗೆ ಕಲಾಯಿ ಹಾಕುವವನು. ಗಾಳಿ ಊದುವ ತಿದಿ, ತವರ, ನವಸಾಗರ ಕಟ್ಟಿಕೊಂಡು ಬಸ್ಸು ಹತ್ತಿ ಸೊರಬದ ಕಡೆ ಹೋದರೆ ಎಂಟು ಹತ್ತು ದಿನ ತಿರುಗಿ ಬರುತ್ತಿರಲಿಲ್ಲ. ಆ ಕಡೆಯ ಉಳವಿ ಹಳ್ಳಿಯಲ್ಲಿ ಅವನಿಗೆ ತಿದಿ ಹೂಡಲು ಅಂಗಳ ಕೊಡುತ್ತಿದ್ದವಳು ಈಶ್ವರಮ್ಮ. ಅವಳು ಒಂದು ಮಾತು ಹೇಳಿದರೆ ಹತ್ತು ಮನೆಯ ಹಂಡೆ ಚರಿಗೆ ಹೊರಗೆ ಬರುತ್ತಿದ್ದವು. ಬೇಡವೆಂದರೆ ಒಂದೂ ಬರುತ್ತಿರಲಿಲ್ಲ. ಆ ಈಶ್ವರಮ್ಮನೇ ಐವತ್ತೇಳನೆಯ ಇಸವಿಯ ದೀಪಾವಳಿ ಕಳೆದ ಮೇಲೆ ಒಂದು ಕೆಂಚು ಹೇಂಟೆ ಕೋಳಿಯನ್ನು ಕುಬ್ರಾ ಬೀಗೆ ಪಾಲಿಗೆ ಕೊಟ್ಟಿದ್ದಳು. “ನಮ್ಮಲ್ಲಿ ಕಾಡುಬೆಕ್ಕು ಒಂದನ್ನೂ ಉಳಿಸಲ್ಲ ಮಾರಾಯ. ಪೇಟೆ ಮನೇಲಿ ಆ ಕಾಟ ಇಲ್ಲ, ನಿನ್ನ ಹೆಂಡ್ತಿ ಸಾಕಲಿ” ಎಂದು ಬಡೇಸಾಬನ ಕೈಯಲ್ಲಿ ಕಳಿಸಿದ್ದಳು. ಕಳಿಸುವ ಮುಂಚೆ ಅದರ ಬಲಗಾಲಿನ ಹೊರಬೆರಳನ್ನು ಅವನಿಗೆ ತೋರಿಸಿದ್ದಳು. ಅದರ ತುದಿ ಇರಲಿಲ್ಲ. ತನ್ನ ಮನೆಯ ಮರಿಗಳಿಗೆಲ್ಲ ಅವಳು ಎಳೆಯದರಲ್ಲೇ ಹಾಗೆ ಕತ್ತರಿಸಿ ಗುರುತು ಮಾಡುತ್ತಿದ್ದಳು.

“ಗುರುತು ನೆನಪಿರಲಿ. ಕೋಳಿ ಬದಲಾದ್ರೆ ನಂಗೆ ಗೊತ್ತಾಗ್ತದೆ” ಎಂದೂ ಹೇಳಿದ್ದಳಂತೆ.

ಸಂಕ್ರಾಂತಿ ಕಳೆದು ಹೇಂಟೆ ಕಾವಿಗೆ ಕೂತಿತು. ಕುಬ್ರಾ ಬೀ ಹಿತ್ತಿಲ ಮೂಲೆಯಲ್ಲಿ ಹುಲ್ಲು ಹಾಸಿ, ಮೊಟ್ಟೆ ಇಟ್ಟು, ಮೇಲೆ ಬಿದಿರ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಕಲ್ಲು ಇಟ್ಟಿದ್ದಳು. ಒಂದು ಮಧ್ಯಾಹ್ನ ಅವಳು ಬಾವಿಗೆ ಹೋಗಿದ್ದಾಗ ಹಿತ್ತಿಲಿನಲ್ಲಿ ಕೋಳಿ ಕೂಗಿದ್ದು ನನಗೆ ಕೇಳಿಸಿತು. ಅದು ಮೊಟ್ಟೆ ಇಟ್ಟಾಗಿನ ಕೂಗಲ್ಲ. ನಾನು ಬೇಲಿಯ ಹತ್ತಿರ ಹೋಗುವ ಹೊತ್ತಿಗೆ ಅವಳು ಕೊಡ ಅಲ್ಲೇ ಕುಕ್ಕಿ ಓಡಿಬಂದಿದ್ದಳು. ಬುಟ್ಟಿ ಬಿದ್ದಿರಲಿಲ್ಲ, ಕಲ್ಲೂ ಅಲುಗಿರಲಿಲ್ಲ. ಅವಳು ಬುಟ್ಟಿ ಎತ್ತಿದಾಗ ಹುಲ್ಲೆಲ್ಲ ರಕ್ತ, ಮೊಟ್ಟೆಗಳೆಲ್ಲ ಒಡೆದಿದ್ದವು. ಆಮೇಲೆ ಅವಳು ಹೇಳಿದ ಪ್ರಕಾರ, ಮುಂಗುಸಿಯೊಂದು ಬಿದಿರ ಸಂದಿಯಲ್ಲಿ ಮೂತಿ ಹಾಕಿ ಕೋಳಿಯ ಕಾಲು ಹಿಡಿದೆಳೆದಿತ್ತು. ತೊಡೆಯ ಮಾಂಸ ಹರಿದು, ಎರಡು ಬೆರಳು ಹೋಗಿದ್ದವು. ಓಡಿಹೋಗುವಾಗ ಅದರ ಬಾಲವನ್ನು ಅವಳು ಕಂಡಿದ್ದಳಂತೆ. ನಾನು ಕಾಣಲಿಲ್ಲ.

ನಾನು ಕಂಡದ್ದು ಬೇರೆ. ಅವತ್ತು ಮನೆಯಲ್ಲೇ ಇದ್ದ ಬಡೇಸಾಬ್ ಕೈಯಲ್ಲಿ ಚೂರಿ ಹಿಡಿದು ಹಿತ್ತಿಲಿಗೆ ಬಂದ. ಗಂಡ ಹೆಂಡತಿ ಉರ್ದುವಿನಲ್ಲಿ ಜೋರಾಗಿ ಮಾತಾಡಿಕೊಂಡರು. ಕುಬ್ರಾ ಬೀ ಕೋಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು, ಅವನೂ ಹಿಂದೆಯೇ ಹೋದ. ಸ್ವಲ್ಪ ಹೊತ್ತಿಗೆ ಅವಳು ಬೇಲಿಯ ಹತ್ತಿರ ಬಂದು, “ಅಕ್ಕಾ, ಒಂದಿಷ್ಟು ಅರಿಸಿನ ಪುಡಿ ಕೊಡ್ರೀ” ಎಂದಳು. ಕೊಟ್ಟೆ. ಗಾಯಕ್ಕೂ ಅರಿಸಿನ ಬೇಕು, ಸಾರಿಗೂ ಬೇಕು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಮರುದಿನದಿಂದ ಆ ಕೆಂಚು ಕೋಳಿ ಹಿತ್ತಿಲಿನಲ್ಲಿ ಕಾಣಿಸಲಿಲ್ಲ. ಸುಳ್ಳು ಏಕೆ ಹೇಳಲಿ, ಅದು ಪಾತ್ರೆಗೆ ಹೋಯಿತೆಂದೇ ತಿಳಿದೆ.

ಒಳಗೆ ನಡೆದದ್ದು ನನಗೆ ತಿಳಿದದ್ದು ಬಹಳ ದಿನದ ಮೇಲೆ. ಬಡೇಸಾಬ್ ಹೇಳಿದ್ದು ಇಷ್ಟು: ಕೋಳಿ ಉಳಿಯುವುದಿಲ್ಲ; ತಾನಾಗಿ ಸತ್ತರೆ ತಮ್ಮವರು ತಿನ್ನುವ ಹಾಗಿಲ್ಲ; ಜೀವ ಇರುವಾಗಲೇ ದೇವರ ಹೆಸರು ಹೇಳಿ ಕೊಯ್ದರೆ ಊಟಕ್ಕಾದರೂ ಆಗುತ್ತದೆ. ಅವಳು ಒಪ್ಪಲಿಲ್ಲ. “ಪಾಲಿನ ಕೋಳಿ. ಸಾಕೋಕೆ ಕೊಟ್ಟಾರೆ, ಕೊಯ್ಯೋಕೆ ಕೊಟ್ಟಿಲ್ಲ. ಸತ್ತರೆ ಸಾಯಲಿ, ಹೆಣಾನೇ ತೋರಿಸ್ತೀನಿ.”

ಕೋಳಿ ಸಾಯಲಿಲ್ಲ. ಉಪ್ಪು ಹಾಕಿದ ಬಿಸಿನೀರಿನಲ್ಲಿ ಗಾಯ ತೊಳೆದು, ಕೊಬ್ಬರಿ ಎಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿದಳು. ಬಿದಿರಿನ ಎರಡು ಸೀಳು ಇಟ್ಟು ಹಳೆಯ ಬಟ್ಟೆಯಲ್ಲಿ ಕಾಲು ಕಟ್ಟಿದಳು. ರಕ್ತ ಕಂಡರೆ ಉಳಿದ ಕೋಳಿಗಳು ಅಲ್ಲೇ ಕುಕ್ಕುತ್ತವೆಂದು ಅದನ್ನು ಮಂಚದ ಕೆಳಗೆ ಇಟ್ಟಳು. ನಾಲ್ಕನೆಯ ದಿನ ನೊಣ ಕೂತು ಗಾಯದಲ್ಲಿ ಹುಳು ಬಿತ್ತು. ಬೇವಿನೆಣ್ಣೆಗೆ ಕರ್ಪೂರ ಹಾಕಿ ಬಿಟ್ಟು, ಕಡ್ಡಿಯಲ್ಲಿ ಒಂದೊಂದೇ ಹುಳು ತೆಗೆದಳಂತೆ. ಕಣ್ಣು ತೆರೆಯದ ಕೋಳಿಯ ಕೊಕ್ಕಿಗೆ ಅರಳೆಯಲ್ಲಿ ನೀರು ಹಿಂಡಿದಳು. ಅಕ್ಕಿ ನುಚ್ಚಿನ ಗಂಜಿ ಬೆರಳ ತುದಿಯಲ್ಲಿ ಇಟ್ಟಳು. ಹದಿನೈದು ದಿನಕ್ಕೆ ಅದು ಒಂಟಿಕಾಲಿನಲ್ಲಿ ಎದ್ದು ನಿಂತಿತು. ಇಷ್ಟರಲ್ಲಿ ಅವಳಿಗೆ ಒಂದು ಸಂಗತಿ ಹೊಳೆಯಿತು. ಹೋದ ಎರಡು ಬೆರಳಲ್ಲಿ ಒಂದು, ಈಶ್ವರಮ್ಮ ಗುರುತು ಮಾಡಿದ್ದ ಬೆರಳು.

“ಇವತ್ತೇ ಹೋಗಿ ಅಮ್ಮಾರಿಗೆ ಎಲ್ಲಾ ಹೇಳಿ” ಎಂದು ಗಂಡನಿಗೆ ಅಂದಳು. ಅವನು ಉಳವಿಗೆ ಹೋದ. ಈಶ್ವರಮ್ಮ, “ನನ್ನ ಕೋಳಿ ಹ್ಯಾಗಿದೆ ಸಾಬ್ರೆ?” ಎಂದು ಕೇಳಿದಳು. ಅಂಗಳದಲ್ಲಿ ತಿದಿ ಹೂಡಿಯಾಗಿತ್ತು, ಮುಂದೆ ಪಾತ್ರೆಗಳ ರಾಶಿ ಇತ್ತು. ಅವನು ಹೆದರಿ, “ಚೆನ್ನಾಗಿ ಐತ್ರಿ” ಎಂದುಬಿಟ್ಟ. ಎಲ್ಲ ಕೆಟ್ಟದ್ದು ಅಲ್ಲಿಂದ.

ಯುಗಾದಿಗೆ ಮೊದಲು ಈಶ್ವರಮ್ಮ ಸಂತೆಗೆಂದು ಶಿಕಾರಿಪುರಕ್ಕೆ ಬಂದಳು. ಎತ್ತರದ ಆಳು, ಕಂಕುಳಲ್ಲಿ ಚೀಲ. ಕುಬ್ರಾ ಬೀಯ ಮನೆ ಕೇಳುತ್ತ ಬಂದವಳಿಗೆ ಓಣಿಯ ಬಾಯಲ್ಲೇ ನಮ್ಮ ನೆರೆಯ ಲೋಕಮ್ಮ ಸಿಕ್ಕಳು. ಲೋಕಮ್ಮನಿಗೆ ಎಲ್ಲರ ಮನೆಯ ವಾಸನೆಯೂ ಗೊತ್ತು.

“ಕೋಳೀನಾ? ಐ, ಹೋದ ತಿಂಗಳೇ ಘಮ ಘಮ ಅಂತಿತ್ತಲ್ರೀ ಮಸಾಲಿ” ಎಂದಳಂತೆ.

ವಾಸನೆ ಬಂದದ್ದು ನಿಜ. ಕುಬ್ರಾ ಬೀಯ ಅಣ್ಣ ಬಂದಿದ್ದಾಗ ತಮ್ಮದೇ ಹುಂಜವೊಂದನ್ನು ಕೊಯ್ದಿದ್ದರು. ಆದರೆ ಆ ಹುಂಜದ ಹೆಸರು ಯಾರೂ ಎತ್ತಲಿಲ್ಲ.

ಬಡೇಸಾಬ್ ಊರಲ್ಲಿರಲಿಲ್ಲ. ಈಶ್ವರಮ್ಮ ಹಿತ್ತಿಲಿಗೇ ಬಂದು ಕೂತಳು, ಹಿಂದೆ ಲೋಕಮ್ಮನೂ ಬಂದಳು. ಕುಬ್ರಾ ಬೀ ಕೋಳಿಯನ್ನು ತಂದು ಎದುರಿಗೆ ಬಿಟ್ಟು, ಮುಂಗುಸಿ ಹಿಡಿದದ್ದನ್ನೂ ಗಾಯ ಕಟ್ಟಿದ್ದನ್ನೂ ಹೇಳಿದಳು. ನಾನು ಬೇಲಿಯ ಈಚೆ ನಿಂತು ಕೇಳುತ್ತಿದ್ದೆ. ಕೋಳಿ ಇದೆ ಎನ್ನುವುದೇ ನನಗೆ ಆಶ್ಚರ್ಯ. ಆದರೆ ಇದು ಅದೇ ಕೋಳಿಯೋ? ತೊಡೆಯ ಮೇಲೆ ಹೊಸದಾಗಿ ಬಂದ ಪುಕ್ಕ ಬಿಳಿಯದು. ಅದು ಮೊದಲು ಇರಲಿಲ್ಲ.

ಈಶ್ವರಮ್ಮ ಕೋಳಿಯನ್ನು ಎತ್ತಿ ಕಾಲು ನೋಡಿದಳು.

“ಗುರುತಿನ ಬೆರಳು ಎಲ್ಲಿ?”

“ಅದನ್ನೇ ಮುಂಗುಸಿ ಕಡಿದಿದ್ದು ಅಮ್ಮಾರೆ.”

“ಪೇಟೇಲಿ ಮುಂಗುಸಿ! ನಮ್ಮ ಕಾಡಲ್ಲಿ ಇಲ್ದಿದ್ದು! ಅದೂ ಲೆಕ್ಕ ಹಾಕಿ ನನ್ನ ಗುರುತಿನ ಬೆರಳೇ ತಿಂತಾ? ಓದು ಬರಹ ಕಲಿತ ಮುಂಗುಸಿ ಇರ್ಬೇಕು.”

ಲೋಕಮ್ಮ ಬಾಯಿಗೆ ಸೆರಗು ಇಟ್ಟು ನಕ್ಕಳು.

“ಅಲ್ಲ ಬೂಬಮ್ಮ, ಹಾಗಾದ್ರೆ ನಿನ್ನ ಗಂಡ ಎಂತಕ್ಕೆ ಚೆನ್ನಾಗಿದೆ ಅಂದ? ಈ ಬಿಳಿ ಪುಕ್ಕ ಎಂತದು? ನಂದು ಮೈಯೆಲ್ಲ ಕೆಂಚು.”

“ಗಾಯ ಆದಲ್ಲಿ ಹಂಗೇ ಬಂತು. ನಂಗೂ ಗೊತ್ತಿಲ್ಲ ಯಾಕೆ ಅಂತ.”

ಈಶ್ವರಮ್ಮ ನನ್ನ ಕಡೆ ತಿರುಗಿದಳು. “ನೀವು ಪೂಜೆ ಪುನಸ್ಕಾರ ಇದ್ದೋರು. ನೀವು ಹೇಳಿ. ಕಂಡಿದ್ದೀರಾ?”

ನಾನು ಕಂಡದ್ದನ್ನೇ ಹೇಳಬೇಕಾಯಿತು. ಕೂಗು ಕೇಳಿದೆ, ರಕ್ತ ಕಂಡೆ, ಅರಿಸಿನ ಕೊಟ್ಟೆ ಎಂದೆ. ಚೂರಿ ಕಂಡಿದ್ದನ್ನು ಮುಚ್ಚಿಡುವುದೂ ಸುಳ್ಳೇ ಎಂದು ಅದನ್ನೂ ಹೇಳಿದೆ. ಕುಬ್ರಾ ಬೀ ನನ್ನ ಮುಖ ನೋಡಿದಳು.

“ಚೂರಿ!” ಎಂದಳು ಲೋಕಮ್ಮ.

ಈಶ್ವರಮ್ಮ ತಾನೇ ಒಂದು ಪರೀಕ್ಷೆ ಹೇಳಿದಳು. ಕೋಳಿ ಹುಟ್ಟಿದ ಮನೆಯ ಕರೆಯನ್ನು ಮರೆಯುವುದಿಲ್ಲ; ತಾನು ಕರೆದರೆ ಬಂದೀತು; ಬಂದರೆ ತನ್ನದು. ಚೀಲದಿಂದ ಭತ್ತ ತೆಗೆದು ಅಂಗೈಯಲ್ಲಿ ಹಿಡಿದು ಕೂತು, “ಕೊಕೊಕೊಕೊ ಬಾ, ಬಾ ಕೆಂಚಿ” ಎಂದು ಕರೆದಳು. ಆ ದನಿ ಎಷ್ಟು ಮೃದುವಾಗಿತ್ತೆಂದರೆ, ಇಷ್ಟು ಹೊತ್ತು ಜಗಳವಾಡಿದವಳು ಇವಳೇನಾ ಅನ್ನಿಸಿತು. ಕೋಳಿ ಕತ್ತು ಎತ್ತಿತು. ಕುಂಟುತ್ತ ಎರಡು ಹೆಜ್ಜೆ ಬಂತು. ಅಷ್ಟರಲ್ಲಿ ಲೋಕಮ್ಮ ಕೆಮ್ಮಿದಳೋ, ಕೋಳಿಗೇ ಏನಾಯಿತೋ, ಗಕ್ಕನೆ ತಿರುಗಿ ಒಂಟಿಕಾಲಿನಲ್ಲಿ ಹಾರುತ್ತ ಹೋಗಿ ಕುಬ್ರಾ ಬೀಯ ಸೆರಗಿನೊಳಗೆ ತಲೆ ತೂರಿಸಿತು.

ಒಂದೂವರೆ ತಿಂಗಳು ಮಡಿಲಲ್ಲಿ ಇಟ್ಟುಕೊಂಡಿದ್ದಕ್ಕೆ ಅದು ಕೊಟ್ಟ ಸಾಕ್ಷಿ ಅದು.

“ಕಂಡ್ಯಾ? ನಿಂದೇ ಕೋಳಿ” ಎಂದು ಈಶ್ವರಮ್ಮ ಎದ್ದಳು. “ನಂದು ನಿಮ್ಮ ಹೊಟ್ಟೇಲಿದೆ. ಇಲ್ಲ ಅಂದ್ರೆ ನಿಮ್ಮ ದೇವರ ಮೇಲೆ ಆಣೆ ಇಡು.”

ಕುಬ್ರಾ ಬೀ ಕೋಳಿಯ ಬೆನ್ನು ಸವರುತ್ತ ಕೂತಿದ್ದಳು. ಒಂದು ಮಾತಿನಲ್ಲಿ ಎಲ್ಲ ಮುಗಿಯುತ್ತಿತ್ತು, ಅವಳು ಹೇಳಬೇಕಾಗಿದ್ದದ್ದೂ ಸತ್ಯವೇ.

“ಇಡಲ್ಲ” ಎಂದಳು. “ಒಂದು ಕೋಳಿ ಸಲುವಾಗಿ ಅಲ್ಲಾನ ಸಾಕ್ಷಿಗೆ ಕರೆಯೋಳಲ್ಲ ನಾನು. ನಾನು ಹೇಳಿದ್ದೇ ಸಾಲಬೇಕು.”

“ಆಣೆಗೆ ಹೆದರ್ತಾಳೆ ಅಂದ್ರೆ ಇನ್ನೇನ್ ಕೇಳ್ತೀರಿ?” ಎಂದಳು ಲೋಕಮ್ಮ.

“ಹಂಗಾರೆ ದಂಡಕ್ಕೆ ಈ ಕೋಳಿ ಕೊಡು. ಕುಂಟಿ ಆದ್ರೂ ಅಡ್ಡಿ ಇಲ್ಲ” ಎಂದು ಈಶ್ವರಮ್ಮ ಕೈ ಚಾಚಿದಳು.

ಅದುವರೆಗೆ ತಗ್ಗಿದ್ದ ಕುಬ್ರಾ ಬೀಯ ತಲೆ ಆಗ ಮೇಲೆ ಎದ್ದಿತು. “ನಿಮ್ಮ ಕೋಳಿ ಅಂತ ಕೇಳಿ, ಈಗಲೇ ಕೊಡ್ತೀನಿ. ಎಣ್ಣೆ ಬಟ್ಟೇನೂ ಕಟ್ಟಿಕೊಡ್ತೀನಿ. ದಂಡ ಅಂತ ಕೇಳಿದ್ರೆ ಒಂದು ಪುಕ್ಕಾನೂ ಕೊಡಲ್ಲ.”

ಈಶ್ವರಮ್ಮನ ಕೈ ಹಾಗೇ ನಿಂತಿತು. ತನ್ನದು ಅಂದರೆ ಇಷ್ಟು ಹೊತ್ತು ಆಡಿದ್ದೆಲ್ಲ ಸುಳ್ಳಾಗುತ್ತದೆ. ಅಲ್ಲ ಅಂದರೆ ಬರಿಗೈ. ಲೋಕಮ್ಮನ ಮುಖ ನೋಡಿದಳು, ಕೋಳಿಯ ಮುಖ ನೋಡಿದಳು. ಕೊನೆಗೆ ಚೀಲ ಕಂಕುಳಿಗೆ ಏರಿಸಿ, “ಇನ್ನು ನಿನ್ನ ಗಂಡ ನನ್ನ ಅಂಗಳಕ್ಕೆ ತಿದಿ ತರೋದು ಬೇಡ” ಎಂದು ಬಸ್ಸಿಗೆ ಹೊರಟುಹೋದಳು.

ಮುಂದಿನ ನಾಲ್ಕು ತಿಂಗಳು ಬಡೇಸಾಬ್ ಉಳವಿಯ ದಾರಿ ಬಿಟ್ಟು ಚಂದ್ರಗುತ್ತಿಯ ಕಡೆ ಅಲೆದ. ಅಲ್ಲಿ ಅವನಿಗೆ ಗುರುತಿನವರಿಲ್ಲ. ಹೋದ ಹಾಗೆ ಬರುತ್ತಿದ್ದ. ಒಂದು ಆಣೆಯಲ್ಲಿ ಮುಗಿಯುವುದನ್ನು ಕೆಡಿಸಿದೆ ಎಂದು ಹೆಂಡತಿಯನ್ನು ಬೈಯುತ್ತಿದ್ದ. ಓಣಿಯವರು ಅವಳಿಗೆ ಮೊಟ್ಟೆ ಕಾವಿಗೆ ಕೊಡುವುದನ್ನೂ ನಿಲ್ಲಿಸಿದರು. ನಾನೇ ಒಂದು ದಿನ ಬೇಲಿಯ ಹತ್ತಿರ ಹೋಗಿ, “ಚೂರಿ ವಿಷಯ ನಾನು ಹೇಳಬಾರದಿತ್ತೇನೋ” ಎಂದೆ. “ಕಂಡಿದ್ರಿ, ಹೇಳಿದ್ರಿ. ಕೇಳಿದ್ರೆ ಇವರು ಯಾಕೆ ಹಿಡಿದಿದ್ರು ಅಂತ ಹೇಳ್ತಿದ್ದೆ” ಎಂದಳು. ಆಗಲೇ ನಾನು ಎಲ್ಲವನ್ನೂ ಕೇಳಿದ್ದು.

ಆ ಹೊತ್ತಿಗೆ ಕುಂಟಿ ಕೋಳಿ ಮತ್ತೆ ಕಾವಿಗೆ ಕೂತಿತ್ತು, ಈ ಸಲ ಮನೆಯೊಳಗೇ. ಹನ್ನೊಂದು ಮರಿ ಎದ್ದವು. ಮರಿಗಳು ತಾಯಿಯನ್ನು ಬಿಡುವಷ್ಟು ಬಲಿತ ಮೇಲೆ ಕುಬ್ರಾ ಬೀ ಆರನ್ನು ಬೇರೆ ಬುಟ್ಟಿಗೆ ಹಾಕಿ ಮೇಲೆ ಬಟ್ಟೆ ಕಟ್ಟಿದಳು. ಹನ್ನೊಂದರಲ್ಲಿ ಅರ್ಧ ಹೇಗೆ ಎಂದರೆ, “ಹೆಚ್ಚಿಂದು ಅವರಿಗೇ ಇರಲಿ” ಎಂದಳು. ಬಡೇಸಾಬ್ ಗೊಣಗಿಕೊಂಡೇ ಬುಟ್ಟಿ ಹಿಡಿದು ಉಳವಿಯ ಬಸ್ಸು ಹತ್ತಿದ.

ಮರುದಿನ ಖಾಲಿ ಬುಟ್ಟಿಯೊಂದಿಗೆ ಬಂದ. ಸಿಟ್ಟಿನಲ್ಲಿ ಬುಟ್ಟಿಯನ್ನು ಹಿತ್ತಿಲಿಗೆ ಎಸೆದು, ನನಗೂ ಕೇಳಲೆಂದು ಕನ್ನಡದಲ್ಲೇ ಹೇಳಿದ.

“ಬಾ ಅನ್ನಲಿಲ್ಲ, ನೀರು ಕೊಡಲಿಲ್ಲ. ಮರಿ ಎಲ್ಲಾ ಇಳಿಸಿಕೊಂಡ್ರು, ಒಂದೊಂದರ ಕಾಲೂ ನೋಡಿದ್ರು. ಆಮೇಲೆ ಏನು ಕೇಳಿದ್ರು ಗೊತ್ತಾ? ‘ಆರು ಕಳಿಸ್ಯಾಳೆ ಅಂದ್ರೆ ಹದಿನಾಲ್ಕಾದ್ರೂ ಎದ್ದಿರಬೇಕು. ಉಳಿದವು ಎಲ್ಲಿ?’ ಅಂತ! ಇಂಥೋರಿಗೆ ಕಳಿಸ್ತೀಯಲ್ಲ!”

ಕುಬ್ರಾ ಬೀ ಕೈಯಲ್ಲಿದ್ದ ನುಚ್ಚಿನ ತಟ್ಟೆಯನ್ನು ಕೆಳಗಿಟ್ಟಳು. “ಹಂಗಂದ್ರಾ? ಉಳಿದವು ಎಲ್ಲಿ ಅಂದ್ರಾ?” ಎಂದು ಎರಡು ಸಲ ಕೇಳಿದಳು. ಅವನು ಹೌದೆಂದ. ಅವಳು ನಕ್ಕಳು. ಅವಳು ನಕ್ಕಿದ್ದನ್ನು ನಾನು ಅಷ್ಟು ದಿನದಲ್ಲಿ ಕಂಡಿರಲಿಲ್ಲ.

“ನಾಳೆ ತಿದಿ ತಗೊಂಡೇ ಹೋಗಿ” ಎಂದಳು. “ಬೇರೆಯವರ ಕೋಳಿ ಮರಿ ಲೆಕ್ಕ ಯಾರಾದ್ರೂ ಕೇಳ್ತಾರಾ?”