ಕೆಂಪು ಚುಕ್ಕೆ ಬಾರದ ಹಿಟ್ಟು

ಮೊನ್ನೆ ಬೆಳಿಗ್ಗೆ ಗೋಧಿ ಹಿಟ್ಟಿನ ಹೊಸ ಪೊಟ್ಟಣವನ್ನು ಡಬ್ಬಿಗೆ ಸುರಿಯುವುದು ಬಿಟ್ಟು ಅದರ ಹಿಂಭಾಗ ಓದುತ್ತ ನಿಂತಿದ್ದೆ. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ ಹನ್ನೆರಡು. ಪಕ್ಕದಲ್ಲಿ, ಪೋಷಕಾಂಶ ಸೇರಿಸಿದ ಹಿಟ್ಟೆಂದು ಹೇಳುವ ನೀಲಿ ಬಣ್ಣದ ಎಫ್ ಗುರುತು. "ಹಿಟ್ಟಲ್ಲಿ ಓದೋದೇನಿರತ್ತೆ ನಿಂಗೆ" ಎಂದು ನಮ್ಮ ಮನೆಯವರು ಕಾವಲಿ ಕಾಯಿಸುತ್ತ ನಕ್ಕರು. ಆ ಗುರುತನ್ನು ನೀವೂ ನೋಡಿರುತ್ತೀರಿ, ನೋಡಿ ಮರೆತಿರುತ್ತೀರಿ. ನನಗೆ ಮಾತ್ರ ಅದು ಕಂಡಾಗಲೆಲ್ಲ ಚಿಂತಾಮಣಿಯ ಸರೋಜಕ್ಕನ ಮಿಲ್ಲು ನೆನಪಾಗುತ್ತದೆ.

ಸರೋಜಕ್ಕ ಕೆಂಚಾರ್ಲಹಳ್ಳಿಯವರು. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದು, ಚಿಂತಾಮಣಿಗೆ ಮದುವೆಯಾಗಿ ಬಂದು, ರಾಗಿ ಬೀಸುವ ಒಂದೇ ಒಂದು ಯಂತ್ರದಿಂದ ಮಿಲ್ಲು ಕಟ್ಟಿದವರು. ಹುಳುವಿನ ಮನೆಯ ಶಿಸ್ತು ಅವರನ್ನು ಬಿಟ್ಟಿರಲಿಲ್ಲ. ಚಪ್ಪಲಿ ಹೊರಗೆ, ಕೈ ತೊಳೆದು ಒಳಗೆ, ಆಮೇಲೆ ಮಾತು. ನಾನು ಸೇರುವ ಹೊತ್ತಿಗೆ ಅಲ್ಲಿ ಆರು ಜನ ಹೆಂಗಸರು ಕೆಲಸಕ್ಕಿದ್ದರು, ಮತ್ತು ಶಿಡ್ಲಘಟ್ಟದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಸಾರವರ್ಧಿತ ಹಿಟ್ಟು ಕೊಡುವ ಆರ್ಡರ್ ಆಗಷ್ಟೇ ಸಿಕ್ಕಿತ್ತು. ಅದಕ್ಕೆ ಕೆಮಿಸ್ಟ್ರಿ ಓದಿದವರೊಬ್ಬರು ಬೇಕಾಗಿದ್ದರು. ನಮ್ಮ ತಂದೆ ಮೇಷ್ಟ್ರು. ಸರೋಜಕ್ಕನ ಮಗನಿಗೆ ಲೆಕ್ಕ ಹೇಳಿಕೊಟ್ಟವರು. ಹಾಗಾಗಿ ಬಿ.ಎಸ್ಸಿ. ಮುಗಿಸಿ ಸರ್ಕಾರಿ ಪರೀಕ್ಷೆಗೆ ಓದುತ್ತ ಕೂತಿದ್ದ ನಾನು ಒಂದು ದಿನ ಇದ್ದಕ್ಕಿದ್ದಂತೆ 'ಕ್ವಾಲಿಟಿ ಮೇಡಂ' ಆದೆ. ಮೊದಲನೆಯ ವಾರವೇ ಬಿಳಿ ಕೋಟು ಹೊಲಿಸಿಕೊಂಡೆ. ಹಿಟ್ಟಿನ ಮಿಲ್ಲಿನಲ್ಲಿ ಎಲ್ಲರೂ ಹೇಗೂ ಬೆಳ್ಳಗೇ ಇರುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ.

ಕೆಲಸ ಹೇಳಿದರೆ ಸುಲಭ. ವಿಟಮಿನ್ನು, ಕಬ್ಬಿಣಾಂಶ ಸೇರಿದ ಒಂದು ಪುಡಿ ಬರುತ್ತದೆ. ಒಂದು ಮೂಟೆ ಹಿಟ್ಟಿಗೆ ಬೀಳುವುದು ಒಂದೆರಡು ಚಮಚ ಅಷ್ಟೆ. ಅದು ಮೂಟೆಯ ಮೂಲೆಮೂಲೆಗೂ ಸಮನಾಗಿ ಹೋಗಬೇಕು. ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು, ಬರಿಗಣ್ಣಿಗೆ ಎರಡೂ ಕಾಣುವುದಿಲ್ಲ. ಅದಕ್ಕೇ ಬೆರೆಸುವ ಡ್ರಮ್ಮು ಹತ್ತು ನಿಮಿಷ ತಿರುಗಬೇಕು, ಪ್ರತಿ ಮೂಟೆಯಿಂದ ಒಂದು ಹಿಡಿ ತೆಗೆದಿಡಬೇಕು, ಅದನ್ನು ತಟ್ಟೆಯಲ್ಲಿ ಒತ್ತಿ ಪರೀಕ್ಷೆಯ ದ್ರಾವಣದ ಹನಿ ಬಿಡಬೇಕು. ಕಬ್ಬಿಣಾಂಶ ಇದ್ದಲ್ಲಿ ಕೆಂಪು ಚುಕ್ಕೆ ಏಳುತ್ತದೆ. ಚುಕ್ಕೆಗಳು ಒಂದೇ ಸಮ ಹರಡಿದ್ದರೆ ರಿಜಿಸ್ಟರಿನಲ್ಲಿ ಒಂದು ಟಿಕ್.

ನನ್ನ ಟಿಕ್‌ಗಳು ಬಹಳ ಅಂದವಾಗಿರುತ್ತಿದ್ದವು. ದ್ರಾವಣದ ಬಾಟಲಿ ಖಾಲಿಯಾದ ಮೇಲೂ ಅವುಗಳ ಅಂದ ಕೆಡಲಿಲ್ಲ. ಹೊಸ ಬಾಟಲಿ ಬರಲು ಕೆಲವು ದಿನ ಹಿಡಿಯಿತು. ಅಲ್ಲಿಯವರೆಗೂ ನಾನು ಸರ್ಕಾರಿ ಪರೀಕ್ಷೆಯ ಪುಸ್ತಕ ಓದಿಕೊಳ್ಳುತ್ತ, ಡ್ರಮ್ಮು ತಿರುಗುವ ಸದ್ದನ್ನು ದೂರದಿಂದ ಕೇಳುತ್ತ, 'ಹತ್ತು ನಿಮಿಷ, ಸರಿ ಇದೆ' ಎಂದು ಬರೆದುಕೊಂಡೇ ಹೋದೆ. ಒಂದು ದಿನವೂ ತಪ್ಪಿಲ್ಲ, ಇವತ್ತೇಕೆ ತಪ್ಪುತ್ತದೆ ಎಂಬ ಧೈರ್ಯ.

ಹೊಸ ಬಾಟಲಿ ಬಂದ ಬೆಳಿಗ್ಗೆ, ಬಣ್ಣ ಏಳುವುದನ್ನು ನೋಡುವ ಖುಷಿಗೇ, ಹಿಂದಿನ ದಿನ ತೆಗೆದಿಟ್ಟ ಹಿಟ್ಟಿನ ಮೇಲೆ ಹನಿ ಬಿಟ್ಟೆ. ಮೊದಲನೆಯದರಲ್ಲಿ ಏನೂ ಏಳಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯ ತಟ್ಟೆಯಲ್ಲಿ ಕುಂಕುಮ ಚೆಲ್ಲಿದ ಹಾಗೆ ಒಂದೇ ಕಡೆ ಕೆಂಪು. ಕೇಳಿದಾಗ ತಿಳಿಯಿತು: ಹಿಂದಿನ ದಿನ ಕರೆಂಟು ಹೋಗಿ ಡ್ರಮ್ಮು ನಡುವೆಯೇ ನಿಂತಿತ್ತಂತೆ, ಲೋಡು ತಡವಾಗುತ್ತದೆಂದು ಹಾಗೇ ಮೂಟೆ ತುಂಬಿದ್ದರಂತೆ. ರಿಜಿಸ್ಟರಿನಲ್ಲಿ ಮಾತ್ರ ನನ್ನ ಕೈಬರಹದಲ್ಲಿ ಹತ್ತು ನಿಮಿಷ. ಆ ಮೂಟೆಗಳು ಆಗಲೇ ಶಿಡ್ಲಘಟ್ಟ ಸೇರಿದ್ದವು.

ಸುಮ್ಮನಿದ್ದುಬಿಡಬಹುದಿತ್ತು. ಚಪಾತಿ ತಿಂದ ಯಾವ ಹುಡುಗಿಗೂ ಗೊತ್ತಾಗುತ್ತಿರಲಿಲ್ಲ. ಅರ್ಧ ಗಂಟೆ ಅದನ್ನೇ ಯೋಚಿಸಿದೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆಮೇಲೆ ಮೂರು ತಟ್ಟೆಗಳನ್ನೂ ಎತ್ತಿಕೊಂಡು ಹೋಗಿ ಸರೋಜಕ್ಕನ ಮುಂದಿಟ್ಟೆ.

ಸಿಟ್ಟು ಬಂದರೆ ಅವರು ತೆಲುಗಿಗೆ ಹೊರಳುತ್ತಿದ್ದರು. ಅಂದು ಕನ್ನಡದಲ್ಲೇ, ಮೆತ್ತಗೆ ಕೇಳಿದರು. "ನೋಡಿ ಬರ್ದ್ಯೇನಮ್ಮ, ನೋಡ್ದೆ ಬರ್ದ್ಯಾ?"

"ನೋಡ್ದೆ ಬರ್ದೆ ಅಕ್ಕ."

ಸರೋಜಕ್ಕ ಎದ್ದರು. ಸೆರಗಿನ ಹಿಟ್ಟು ಕೊಡವಿಕೊಂಡು ಲಗೇಜ್ ಆಟೋ ಕರೆಸಿದರು. ನನ್ನನ್ನೂ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ನಾನು ಒಂದು ಉಪಾಯ ಹೇಳಬೇಕೆಂದುಕೊಂಡು, ಕೊನೆಗೆ ಹೇಳಿಯೇಬಿಟ್ಟೆ: ರಿಜಿಸ್ಟರಿನ ಆ ಹಾಳೆಗಳನ್ನು ತೆಗೆದು ಬೇರೆ ಬರೆದುಬಿಡುತ್ತೇನೆ ಎಂದು. ಅವರು ಆಟೋದವನಿಗೆ, ಬೇಗ ಹೋಗಪ್ಪ ಎಂದರು.

ಹಾಸ್ಟೆಲ್ಲಿನ ವಾರ್ಡನ್ ಒಂದು ಮೂಟೆ ಬಿಚ್ಚಿ ಮೂಸಿ ನೋಡಿದರು. ಹುಳ ಇಲ್ಲ, ವಾಸನೆ ಇಲ್ಲ, ಇಷ್ಟು ಒಳ್ಳೆಯ ಹಿಟ್ಟನ್ನು ಏಕೆ ವಾಪಸ್ ಒಯ್ಯುತ್ತೀರಿ, ನಾಳೆ ಮಕ್ಕಳಿಗೆ ಏನು ಮಾಡಿಹಾಕಲಿ ಎಂದು ಅವರಿಗೇ ಬೇಸರ. ಸರೋಜಕ್ಕ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ.

"ಹಿಟ್ಟು ಚೆನ್ನಾಗೇ ಐತೆ ಮೇಡಂ. ಮೂಟೆ ಮೇಲೆ ಬರೆದಿರೋದು ಮೂಟೆ ಒಳಗಿಲ್ಲ. ಹೆಣ್ಮಕ್ಕಳು, ರಕ್ತ ಆಗ್ಲಿ ಅಂತ ತಿನ್ನೋರು. ಅವ್ರಿಗೆ ಸುಳ್ಳು ಹೇಳಕಾಗಲ್ಲ."

ಮರುದಿನದ ಅಡುಗೆಗೆ ಬೇರೆ ಮೂಟೆಗಳನ್ನು ಅಂದೇ ಸಂಜೆ ಕಳಿಸಿದರು, ಪ್ರತಿಯೊಂದನ್ನೂ ನನ್ನ ಕೈಯಲ್ಲೇ ಪರೀಕ್ಷೆ ಮಾಡಿಸಿ. ಮುಂದಿನ ವಾರ ಸರಬರಾಜು ನೋಡಿಕೊಳ್ಳುವ ಅಧಿಕಾರಿ ಬಂದಾಗ ರಿಜಿಸ್ಟರನ್ನು ಹಾಗೆಯೇ ಮುಂದಿಟ್ಟು, ಯಾವ ಹಾಳೆ ಸುಳ್ಳು ಎಂದು ತಾವೇ ಬೆರಳಿಟ್ಟು ತೋರಿಸಿದರು. ಆರ್ಡರ್ ನಿಂತಿತು. ಪ್ರಯೋಗಾಲಯದ ವರದಿ ಮೂರು ಸಲ ಸರಿಯಾಗಿ ಬರುವವರೆಗೆ ಹಿಟ್ಟು ಬೇಡ ಎಂದು ಕಾಗದ ಬಂತು. ನಾನು ಕೆಲಸ ಬಿಡುತ್ತೇನೆಂದೆ. ಬಿಳಿ ಕೋಟು ಬಿಟ್ಟು ಹೋಗು, ಮುಂದೆ ಬರುವವರಿಗಾಗುತ್ತದೆ ಎಂದರು ಸರೋಜಕ್ಕ. ನಾನು ಕೋಟನ್ನೂ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ.

ಆ ದಿನಗಳಲ್ಲೇ ಅವರು ಬೆರೆಸುವ ರೀತಿಯನ್ನೇ ಬದಲಿಸಿದರು. ಹಪ್ಪಳದ ಹಿಟ್ಟಿಗೆ ಇಂಗನ್ನು ಯಾರಾದರೂ ಒಂದೇ ಕಡೆ ಸುರಿಯುತ್ತಾರೆಯೇ ಎಂಬುದು ಅವರ ಪ್ರಶ್ನೆ. ಪುಡಿಯನ್ನು ಮೊದಲು ಒಂದು ಬಟ್ಟಲು ಹಿಟ್ಟಿಗೆ ಬೆರೆಸಿ, ಅದನ್ನು ಒಂದು ಬಕೆಟ್ ಹಿಟ್ಟಿಗೆ ಬೆರೆಸಿ, ಆಮೇಲೆ ಡ್ರಮ್ಮಿಗೆ. ಕರೆಂಟು ಹೋದರೆ ಗಡಿಯಾರ ಮತ್ತೆ ಸೊನ್ನೆಯಿಂದ. ನಾನು ಡ್ರಮ್ಮಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಮೂರು ವರದಿಗಳೂ ಸರಿಯಾಗಿ ಬಂದವು. ಆರ್ಡರ್ ಮರಳಿತು, ಆ ವಾರ್ಡನ್ನೇ ಹೇಳಿ ಚಿಕ್ಕಬಳ್ಳಾಪುರದ ಇನ್ನೊಂದು ಹಾಸ್ಟೆಲ್ಲಿನದನ್ನೂ ಕೊಡಿಸಿದರು. ಸರ್ಕಾರಿ ಪರೀಕ್ಷೆಯಲ್ಲಿ ನಾನು ಪಾಸಾಗಲಿಲ್ಲ. ಅದರ ದುಃಖವೂ ಆಗಲಿಲ್ಲ.

ಈಗ ನಾನು ಊರೂರು ತಿರುಗಿ ಸಣ್ಣ ಮಿಲ್ಲಿನವರಿಗೆ ಇದೇ ಪಾಠ ಹೇಳುತ್ತೇನೆ. ಈ ವಾರ ಗೌರಿಬಿದನೂರಿನ ಹತ್ತಿರ, ಕುಡುಮಲಕುಂಟೆಯಲ್ಲಿ. ಎಲ್ಲ ಕಡೆಯೂ ಈ ಕಥೆ ಹೇಳಿದ್ದೇನೆ, 'ಯಾರೋ ಒಬ್ಬಳು ಹುಡುಗಿ' ಎಂದು. ಮೊನ್ನೆ ರೊಟ್ಟಿ ತಟ್ಟುತ್ತ ನಮ್ಮ ಮನೆಯವರಿಗೆ ಮೊದಲ ಬಾರಿ 'ನಾನು' ಎಂದು ಹೇಳಿದೆ. ಆಮೇಲೆ ಸರೋಜಕ್ಕನಿಗೆ ಫೋನು ಮಾಡಿ, ಕ್ಲಾಸಿನಲ್ಲೂ ಹಾಗೆಯೇ ಹೇಳಲೇ, ನಿಮ್ಮ ಮಿಲ್ಲಿನ ಹೆಸರು ಕೆಡುವುದಿಲ್ಲವೇ ಎಂದು ಕೇಳಿದೆ.

"ಹೇಳಮ್ಮ, ಏನಾಗಲ್ಲ," ಎಂದರು. "ತಪ್ಪಾಯ್ತು ಅನ್ನೋದನ್ನೇ ಹೇಳ್ಕೊಂಡು ಕೂತ್ಕೋಬೇಡ. ಬೆರೆಸೋದು ಹೆಂಗೆ ಅಂತ ಕೈಯಾರೆ ತೋರ್ಸು."

ನಿನ್ನೆ ಕುಡುಮಲಕುಂಟೆಯಲ್ಲಿ ಹಾಗೇ ಮಾಡಿದೆ. ಪಾಠ ಮುಗಿದ ಮೇಲೆ ಒಬ್ಬ ಹೆಂಗಸು ತನ್ನ ರಿಜಿಸ್ಟರನ್ನು ಹಿಡಿದು ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ, ಇದರಲ್ಲಿ ನಾಲ್ಕು ದಿನ ನೋಡದೆ ಬರೆದದ್ದಿದೆ ಎಂದಳು. ಇಬ್ಬರೂ ಕೂತು ಹಾಳೆ ತೆರೆದೆವು.