ಮೇಲಿನ ಮಣ್ಣು

ಚಾಚಾ ಅವರ ಹಿಮ್ಮಡಿಯ ಬಿರುಕುಗಳಲ್ಲಿ ಮಣ್ಣು ಕೂತುಬಿಟ್ಟಿತ್ತು. ಎಷ್ಟು ಉಜ್ಜಿ ತೊಳೆದರೂ ಹೋಗುತ್ತಿರಲಿಲ್ಲವಂತೆ. ಜೆಸಿಬಿ ಓಡಿಸುವವರು ನೆಲಕ್ಕೆ ಕಾಲಿಡಬೇಕಾಗಿಯೇ ಇಲ್ಲ. ಆದರೆ ಸೈಟಿನವರೆಲ್ಲ ಚಾಚಾ ಎಂದು ಕರೆಯುತ್ತಿದ್ದ ನಮ್ಮ ಈ ಹಿರಿಯ ಡ್ರೈವರ್ ಹೊಸ ಸೈಟಿಗೆ ಬಂದ ದಿನ ಗಾಡಿಯನ್ನು ಗೇಟಿನ ಬಳಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ಇಡೀ ಜಾಗವನ್ನು ಬರಿಗಾಲಲ್ಲಿ ಒಂದು ಸುತ್ತು ಹಾಕುತ್ತಿದ್ದರು. ಆಮೇಲೆಯೇ ಜೆಸಿಬಿಯ ಬಕೆಟ್ ನೆಲಕ್ಕೆ ಇಳಿಯುತ್ತಿದ್ದದ್ದು.

ಅಟ್ಟೂರಿನ ಪಕ್ಕದ ಒಂದು ಅಪಾರ್ಟ್‌ಮೆಂಟ್ ಕೆಲಸಕ್ಕೆ ನಾನು ಆಗಷ್ಟೇ ಸೇರಿದ್ದ ಸೈಟ್ ಇಂಜಿನಿಯರ್. ಸ್ವಲ್ಪ ವರ್ಷಗಳ ಹಿಂದಿನವರೆಗೂ ಅದು ರಾಗಿ ಹೊಲ. ಪಾಯ ತೆಗೀರಿ ಅಂದರೆ ಚಾಚಾ ತೆಗೆಯಲಿಲ್ಲ. ಮೊದಲು ಮೇಲಿನ ಒಂದಡಿ ಮಣ್ಣನ್ನು ಹಾಲಿನ ಕೆನೆ ತೆಗೆದಂತೆ ಕೆರೆದು ಮೂಲೆಯಲ್ಲಿ ಗುಡ್ಡೆ ಹಾಕಿದರು. ಡೀಸೆಲ್ ದಂಡ ಅಂತ ನಾನು ರೇಗಿದೆ.

"ಬೇಟಾ, ಕೆಳಗಿಂದು ಬರೀ ಮಣ್ಣು. ಇದ್ರಲ್ಲಿ ಜೀವ ಐತೆ," ಎಂದರು. "ಬಿಲ್ಡಿಂಗ್ ಮುಗಿದ್ಮೇಲೆ ವಾಪಸ್ ಹಾಸ್ಬಿಡು. ಹೊಂಗೆ ಹಾಕು, ನೇರಳೆ ಹಾಕು. ಚಿಟ್ಟೆ, ಹಕ್ಕಿ ಯಾವ್ದನ್ನೂ ಕರೀಬೇಕಾಗಿಲ್ಲ, ಅವೇ ಬರ್ತವೆ."

ಮಳೆಗೆ ಕೊಚ್ಚಿಹೋಗದಂತೆ ಬೇರು ಹಿಡಿದಿಡಲಿ ಎಂದು ಮನೆಯಿಂದ ಹುರುಳಿ ತಂದು ಗುಡ್ಡೆಯ ಮೇಲೆ ಚೆಲ್ಲಿದರು. ಬಿಡುವಾದಾಗ ಒಂದು ಹಿಡಿ ಮಣ್ಣೆತ್ತಿ ಅದರೊಳಗಿನ ಎರೆಹುಳುವನ್ನು ಮೊಮ್ಮಗುವನ್ನು ತೋರಿಸುವ ಅಜ್ಜನ ಹಾಗೆ ತೋರಿಸುತ್ತಿದ್ದರು. ನನ್ನಿಂದ ಮಾತೂ ತೆಗೆದುಕೊಂಡರು. "ನಾನಿಲ್ದಾಗ ಯಾರೂ ಮುಟ್ಬಾರ್ದು. ನಿನ್ ಜವಾಬ್ದಾರಿ."

"ಆಯ್ತು ಚಾಚಾ," ಎಂದೆ. ಅವರಿಗೆ ಅಷ್ಟು ಸಾಕಾಗಿತ್ತು.

ಮರುವರ್ಷ ಕಣ್ಣಿನ ಆಪರೇಷನ್‌ಗೆಂದು ಅವರು ಎರಡು ವಾರ ಬರಲಿಲ್ಲ. ಅದೇ ಹೊತ್ತಿಗೆ, ಮಾಡೆಲ್ ಫ್ಲಾಟ್ ನೋಡಲು ಬರುವವರ ಕಾರುಗಳಿಗೆ ಜಾಗ ಬೇಕೆಂದು ಮಾಲೀಕರು ಆ ಗುಡ್ಡೆಯತ್ತ ಬೆರಳು ತೋರಿಸಿದರು. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನಾನೇ ಮುಂದೆ ನಿಂತು, ಹುರುಳಿ ಬಳ್ಳಿಯ ಸಮೇತ ಅಷ್ಟನ್ನೂ ನೆಲಮಾಳಿಗೆಯ ಪಕ್ಕದ ಹೊಂಡಕ್ಕೆ ತಳ್ಳಿಸಿ ಮೇಲೆ ಕಾಂಕ್ರೀಟ್ ಹಾಕಿಸಿದೆ.

ವಾಪಸ್ ಬಂದ ಚಾಚಾ ಕಪ್ಪು ಕನ್ನಡಕ ತೆಗೆದು ಆ ಮೂಲೆಯನ್ನೇ ನೋಡುತ್ತ ನಿಂತರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಎಲ್ಲಿ ಹಾಕಿಸಿದ್ರಿ ಸಾರ್?" ಎಂದರು, ಅಷ್ಟೇ. ಬೇಟಾ ಹೋಗಿ ಸಾರ್ ಆಗಿದ್ದೆ. ಆ ಕೆಲಸ ಮುಗಿಯುವವರೆಗೂ ಅವರು ಅಲ್ಲಿ ಮತ್ತೆ ಚಪ್ಪಲಿ ಬಿಟ್ಟದ್ದನ್ನು ನಾನು ನೋಡಲಿಲ್ಲ. ಅಲ್ಲಿ ನೆಟ್ಟ ಗಿಡಗಳೂ ಎರಡನೆಯ ಬೇಸಿಗೆ ದಾಟಲಿಲ್ಲ.

ಹೋದ ತಿಂಗಳು ಹೆಬ್ಬಾಳದ ಕಡೆ ನನ್ನದೇ ಉಸ್ತುವಾರಿಯಲ್ಲಿ ಹೊಸ ಕೆಲಸ ಶುರುವಾಯಿತು. ಮಾಲೀಕರ ಜೊತೆ ಜಗಳವಾಡಿ ಮೇಲಿನ ಮಣ್ಣು ಎತ್ತಿಡಿಸಿದೆ. ಧೈರ್ಯ ಮಾಡಿ ಚಾಚಾಗೆ ಫೋನ್ ಹಚ್ಚಿದೆ. ತಪ್ಪಾಯ್ತು ಅನ್ನಬೇಕೆಂದುಕೊಂಡವನು, ಅದನ್ನು ಎದುರಿಗೆ ನಿಂತೇ ಹೇಳೋಣ ಅನ್ನಿಸಿ, "ಮಣ್ಣು ಎತ್ತಿಟ್ಟಿದ್ದೀನಿ ಚಾಚಾ, ನೀವು ಬಂದು ನೋಡ್ಬೇಕು," ಎಂದಷ್ಟೇ ಅಂದೆ.

"ಹುರುಳಿ ಚೆಲ್ಲಿದ್ದೀಯಾ ಬೇಟಾ?" ಎಂದರು ಚಾಚಾ. "ಭಾನುವಾರ ಬರ್ತೀನಿ."

ಫೋನ್ ಇಟ್ಟು ಅತ್ತುಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಅವರ ಮಗ ಫೋನ್ ಮಾಡಿದ. ಎದೆನೋವು ಅಂದರಂತೆ, ಆಸ್ಪತ್ರೆ ತಲುಪಲಿಲ್ಲವಂತೆ.

ಬ್ಯಾಟರಾಯನಪುರದ ಮನೆಯಿಂದ ಖಬರಸ್ತಾನದವರೆಗೆ ನಾನೂ ಹೆಗಲು ಕೊಟ್ಟೆ. ಗುಂಡಿಯ ಒಂದು ಬದಿಗೆ ಕೆಮ್ಮಣ್ಣು, ಇನ್ನೊಂದು ಬದಿಗೆ ಕಪ್ಪಗಿನ ಮಣ್ಣು, ಬೇರೆ ಬೇರೆ ಗುಡ್ಡೆ. ಬಂದವರೆಲ್ಲ ಮೂರು ಹಿಡಿ ಮಣ್ಣು ಹಾಕುವುದು ಅವರ ಪದ್ಧತಿ. ನಾನು ಹತ್ತಿರವಿದ್ದ ಕಪ್ಪು ಗುಡ್ಡೆಗೆ ಕೈ ಹಾಕಿದೆ. ಮಗ ಮೆಲ್ಲಗೆ ತಡೆದ. ಅಟ್ಟೂರಿನ ಕಥೆ ಅವನಿಗೆ ಗೊತ್ತಿರಲಿಲ್ಲ.

"ಅದು ಕೊನೇಲಿ ಸಾರ್. ಮೇಲಿನ ಮಣ್ಣು ಕೆಳಗೆ ಹಾಕ್ಬಾರ್ದು ಅಂತ ಅಬ್ಬಾ ಯಾವಾಗ್ಲೂ ಹೇಳೋರು."

ಕೆಮ್ಮಣ್ಣೆಲ್ಲ ಮುಗಿಯುವವರೆಗೆ ಬರಿಗಾಲಲ್ಲಿ ಕಾದು ನಿಂತೆ. ಆಮೇಲೆ ಬಗ್ಗಿ, ಕಪ್ಪು ಮಣ್ಣನ್ನು ಒಂದೊಂದೇ ಹಿಡಿಯಾಗಿ ಅವರ ಮೇಲೆ ಹಾಕಿದೆ. ಮೂರನೆಯದರಲ್ಲಿ ಒಂದು ಎರೆಹುಳು ಇತ್ತು. ತೋರಿಸೋಣವೆಂದರೆ ಚಾಚಾ ಇರಲಿಲ್ಲ.